ಹಸುರೆಲ್ಲ ಮೇವಲ್ಲ

ನಮ್ಮೂರಿನ ಗೋಮಾಳವನ್ನು ದೂರದಿಂದ ಕಂಡವರು, "ಎಷ್ಟು ಹಸುರಾಗಿದೆ!" ಎಂದು ಮೆಚ್ಚುವುದುಂಟು. ಹಾಗೆ ಮೆಚ್ಚುವವರಿಗೆ ದನವಿರುವುದಿಲ್ಲ. ದನವಿದ್ದವರಿಗೆ ಆ ಹಸುರು ನೋಟಕ್ಕೆ ಮಾತ್ರ. ದಿನವೆಲ್ಲ ಅಲ್ಲಿ ಅಲೆದ ಎಮ್ಮೆ ಅರೆಹೊಟ್ಟೆಯಲ್ಲೇ ಕೊಟ್ಟಿಗೆಗೆ ಮರಳುತ್ತದೆ. ನಮ್ಮ ತಾಯಿ ಎರಡನೆಯ ಎಮ್ಮೆಯನ್ನು ಮಾರಿದ್ದು ಈ ಹಸುರಿನ ನಡುವೆಯೇ.

ಇದಕ್ಕೆ ಕಾರಣ ಗಿಡಗಳ ಗುಣದಲ್ಲಿದೆ. ಎಕ್ಕಕ್ಕೆ ವಿಷದ ಹಾಲು. ಕಾರೆ, ಕವಳಿಗಳಿಗೆ ಮುಳ್ಳಿನ ಕಾವಲು. ತಂಗಡಿಯ ಹೂವು ಚಿನ್ನದಂತಿದ್ದರೂ ಅದರ ಎಲೆಗೆ ದನ ಬಾಯಿ ಹಾಕದು. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಲಂಟಾನವಂತೂ ಎಲ್ಲರಿಗಿಂತ ಜಾಣ. ಎಲೆಯಲ್ಲಿ ದನದ ಯಕೃತ್ತನ್ನು ಕೆಡಿಸುವ ವಿಷ, ಹಣ್ಣಿನಲ್ಲಿ ಹಕ್ಕಿಗೆ ಸಿಹಿ. ಕಡಿದರೆ ಬುಡದಿಂದ ಮತ್ತೆ ಚಿಗುರು. ದನದ ಬಾಯಿ, ಕೊಡಲಿ, ಬರಗಾಲ ಇವು ಮೂರೂ ಜರಡಿಗಳೆಂದುಕೊಳ್ಳಿ. ನೂರು ಬಗೆಯ ಬೀಜ ಬಿದ್ದರೂ ಜರಡಿಗೆ ಒಗ್ಗುವ ಗುಣವುಳ್ಳವೇ ಉಳಿಯುತ್ತವೆ.

ಹಾಗಾದರೆ ಹುಲ್ಲು ದುರ್ಬಲವೇ? ಅಲ್ಲ. ಗರಿಕೆಯ ಕುಡಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಮೇಯ್ದರೂ ಮತ್ತೆ ಬೆಳೆಯುತ್ತದೆ. ಆದರೆ ಸಾವಿರ ಬಾಯಿಗೆ ಹೆದರದ ಹುಲ್ಲು ನೆರಳಿಗೆ ಸೋಲುತ್ತದೆ. ಪೊದೆ ಹಬ್ಬಿದಲ್ಲಿ ಅದಕ್ಕೆ ಬಿಸಿಲಿಲ್ಲ.

ಜರಡಿ ಬದಲಾದರೆ ಗಿಡಗಳ ಕೂಟವೂ ಬದಲಾಗುತ್ತದೆ. ಇದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ನೋಡಬಹುದು. ಅಲ್ಲಿಯ ಸೋಲಿಗರು ಹಿಂದೆ ಬೇಸಗೆ ಬಲಿಯುವ ಮುನ್ನವೇ ತರಗು ಬೆಂಕಿ ಹಾಕುತ್ತಿದ್ದರು. ಒಣ ಎಲೆ ಮಾತ್ರ ಉರಿದು, ದಪ್ಪ ತೊಗಟೆಯ ಮರಗಳೂ ಹುಲ್ಲಿನ ಬುಡವೂ ಉಳಿಯುತ್ತಿದ್ದವು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹೀಗೆ ಹಬ್ಬಿದ್ದು ಆ ಬಳಿಕವೇ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಈಗ ಆ ಒತ್ತು ಪೊದೆಗೆ ಕಿಡಿ ತಗುಲಿದರೆ ಉರಿ ಮರದ ತಲೆಗೇ ಏರುತ್ತದೆ. ಹಳೆಯ ಬೆಂಕಿಯನ್ನು ಹಾಗೆಯೇ ಮರಳಿ ತರುವುದೂ ಸುಲಭವಲ್ಲ.

ನಮ್ಮ ಗೋಮಾಳದಲ್ಲಿಯೂ ದೋಷ ಗಿಡದ್ದಲ್ಲ. ಬಿಡುವಿಲ್ಲದೆ ಮೇಯಿಸಿ, ರುಚಿಯಾದುದನ್ನೆಲ್ಲ ತಿನ್ನಿಸಿ, ಕಹಿಯಾದುದಕ್ಕೆ ಜಾಗ ಮಾಡಿಕೊಟ್ಟವರು ಮನುಷ್ಯರೇ. ಲಂಟಾನವನ್ನು ಬುಡಸಹಿತ ಕಿತ್ತು, ನೆಲಕ್ಕೆ ಸರದಿಯ ಮೇಲೆ ವಿಶ್ರಾಂತಿ ಕೊಟ್ಟರೆ ಹುಲ್ಲಿಗೆ ಬೀಜ ಕಟ್ಟಲು ಅವಕಾಶವಾದೀತು. ಇದು ಒಬ್ಬರ ಕೆಲಸವಲ್ಲ, ಊರಿನ ಕೆಲಸ.

ಗೆಳೆಯರೇ, ನಮ್ಮಲ್ಲಿ ಕೆಲವರು ನಾಳೆ ಅರಣ್ಯ ಇಲಾಖೆಯನ್ನೋ ಕಂದಾಯ ಇಲಾಖೆಯನ್ನೋ ಸೇರಿಯಾರು. ವರದಿಯಲ್ಲಿ "ಹಸುರು ಹೆಚ್ಚಿದೆ" ಎಂದು ಬರೆಯುವ ಮುನ್ನ, ಅದರಲ್ಲಿ ಎಷ್ಟು ಮೇವೆಂದು ದನ ಕಾಯುವ ಹುಡುಗನನ್ನೊಮ್ಮೆ ಕೇಳಿ ನೋಡಿರಿ.