ಬಿಸಿಲೂರಿನ ದಾರಿಯಲ್ಲಿ ಪೆಟ್ರೋಲಿನ ಆವಿ

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುವುದುಂಟು. ಊರಿನವರಿಗೆ ಅದು ತಮಾಷೆಯಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಊರ ನಡುವಿನ ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಶಾಖ ಉಗುಳುತ್ತಿರುತ್ತವೆ. ಇಂಥ ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ತಿರುಗಿಸಿದವರು ‘ಸುಸ್’ ಎಂಬ ಸದ್ದನ್ನು ಕೇಳಿಯೇ ಇರುತ್ತಾರೆ. ಸದ್ದಿನ ಹಿಂದೆಯೇ ಮೂಗಿಗೆ ಘಾಟು ಬಡಿಯುತ್ತದೆ. ಆ ಸದ್ದು ಮಾಡುವ ಆವಿ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿ ಕಳೆದ ಬೇಸಿಗೆಯ ಒಂದು ಭಾನುವಾರ ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪದವರೆಗೆ ಹೋಗಿಬಂದೆ.

ಮೊದಲ ನಿಲ್ದಾಣ ಬಳ್ಳಾರಿಯ ಹೊರವಲಯದ ಒಂದು ಗ್ಯಾರೇಜು. ನನ್ನ ಬಳಿ ಹತ್ತನೆಯ ತರಗತಿವರೆಗೆ ವಿಜ್ಞಾನ ಕಲಿತು, ಈಗ ಎಂಜಿನಿಯರಿಂಗ್ ಓದುತ್ತಿರುವ ಸಿರುಗುಪ್ಪ ಕಡೆಯ ಹುಡುಗ ನಾಲ್ವರು ಗೆಳೆಯರೊಡನೆ ಹಣ ಕೂಡಿಸಿ ಹಳೆಯ ಚಿಕ್ಕ ಕಾರೊಂದನ್ನು ಕೊಂಡಿದ್ದಾನೆ. ನೋಂದಣಿ ರದ್ದಾದ ಆ ಕಾರು ಇನ್ನು ರಸ್ತೆಗೆ ಇಳಿಯುವುದಿಲ್ಲ. ರೇಸ್ ಟ್ರ್ಯಾಕಿನ ಮೇಲೆ ಮಾತ್ರ ಓಡುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥ ಟ್ರ್ಯಾಕ್ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು.

ಕಾರಿನ ಸೀಟು, ಚಾಪೆ ಎಲ್ಲ ಹೊರಗೆ ಬಿದ್ದಿದ್ದವು. ಮೇಸ್ತ್ರಿಯ ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದಿತ್ತು.

“ರೇಸಿಗೆ ಹೋಗೋ ಗಾಡಿಗೆ ಈ ಇದ್ದಿಲ ಡಬ್ಬಿ ಯಾಕ್ರೀ ಸರ್? ಕಿತ್ತು ಒಗದು, ಪೈಪಿಗೆ ಒಂದು ಬೂಚು ಬಡಿದ್ರ ಮುಗೀತು” ಎಂದ.

“ನೀವೇನಂತೀರಿ ಸರ್?” ಎಂದು ಹುಡುಗ ನನ್ನ ಮುಖ ನೋಡಿದ.

ಡಬ್ಬಿಯ ಕೆಲಸವೇನೆಂದು ತಿಳಿಯದೆ ಉತ್ತರ ಹೇಳಲಾಗದು. ಪೆಟ್ರೋಲ್ ಎಂಬುದು ನೀರಿನಂತೆ ಒಂದೇ ವಸ್ತುವಲ್ಲ. ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿನ ಹಗುರ ಅಂಶಗಳು 35 ಡಿಗ್ರಿ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಅಂದರೆ ನಮ್ಮೂರಿನ ಮಧ್ಯಾಹ್ನವೇ ಅವಕ್ಕೆ ಒಲೆ. ಅಲ್ಲದೆ ಪ್ರತಿ 10 ಡಿಗ್ರಿಗೆ ಪೆಟ್ರೋಲಿನ ಗಾತ್ರ ಶೇಕಡಾ 1ರಷ್ಟು ಹಿಗ್ಗುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ ತುಂಬಿಸಿದ 35 ಲೀಟರ್, ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಸುಮಾರು 700 ಮಿಲಿಲೀಟರ್ ಹೆಚ್ಚು ಜಾಗ ಬೇಡುತ್ತದೆ. ಕಂಠಮಟ್ಟ ತುಂಬಿಸಬಾರದು ಎನ್ನುವುದು ಇದಕ್ಕೇ.

ಹಿಂದಿನ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಈ ಆವಿ ಗಾಳಿಗೆ ಸೇರುತ್ತಿತ್ತು. ಪೆಟ್ರೋಲ್ ಪಂಪಿನೊಳಗೇ ಆವಿ ಕಟ್ಟಿ ಕಾರು ನಡುದಾರಿಯಲ್ಲಿ ನಿಂತರೆ, ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕೂರುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಗಾಳಿಗೆ ಸೇರಿದ ಆವಿ ಬಿಸಿಲಿನಲ್ಲಿ ಹೊಗೆಯ ಇತರ ಅನಿಲಗಳೊಡನೆ ಬೆರೆತು, ಶ್ವಾಸಕೋಶಕ್ಕೆ ಕೆಡುಕಾದ ಓಜೋನ್ ಹುಟ್ಟಿಸುತ್ತದೆ. ಹೀಗಾಗಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1970ರಲ್ಲೇ ಹೊಸ ಕಾರುಗಳ ಆವಿಗೆ ಕಡಿವಾಣ ಹಾಕಿತು. ನಮ್ಮಲ್ಲಿ 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಅನ್ವಯಿಸಿದ ಭಾರತ್ ಸ್ಟೇಜ್-4 ನಿಯಮ ದ್ವಿಚಕ್ರ ವಾಹನಗಳ ಆವಿಗೂ ಮಿತಿ ತಂದಿತು.

ಆ ಕಪ್ಪು ಡಬ್ಬಿಯೊಳಗೆ ಇರುವುದು ವಿಶೇಷವಾಗಿ ಪಟುಗೊಳಿಸಿದ ಇದ್ದಿಲು. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಗ್ರಾಂ ಇದ್ದಿಲಿನ ಮೇಲ್ಮೈ ಸಾವಿರ ಚದರ ಮೀಟರಿನಷ್ಟಾದೀತು, ನಮ್ಮ ರೈತರ ಲೆಕ್ಕದಲ್ಲಿ ಹತ್ತು ಗುಂಟೆ ಹೊಲ. ಟ್ಯಾಂಕಿನ ಆವಿ ಈ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಹೊರಗಾಳಿ ಡಬ್ಬಿಯ ಮೂಲಕ ಹಾದು, ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿಗೆ ಒಯ್ಯುತ್ತದೆ. ಆವಿ ಅಲ್ಲಿ ಉರಿದು ಕೆಲಸಕ್ಕೆ ಬರುತ್ತದೆ.

ಟ್ರ್ಯಾಕಿನ ಕಾರಿಗೆ ಈ ಡಬ್ಬಿ ತೊಡಕಾಗುವುದು ನಿಜ. ರಭಸದ ತಿರುವುಗಳಲ್ಲಿ ಪೆಟ್ರೋಲ್ ಟ್ಯಾಂಕಿನೊಳಗೆ ತುಳುಕಿ, ಆವಿಯ ಬದಲು ದ್ರವವೇ ಡಬ್ಬಿಗೆ ನುಗ್ಗಬಹುದು. ನೆನೆದ ಇದ್ದಿಲು ನಿರುಪಯೋಗಿ. ಆದರೆ ಬೂಚು ಬಡಿಯುವುದು ಪರಿಹಾರವಲ್ಲ. ಟ್ಯಾಂಕು ಉಸಿರಾಡುವುದೇ ಆ ದಾರಿಯಲ್ಲಿ. ಪೆಟ್ರೋಲ್ ಖಾಲಿಯಾದಂತೆ ಗಾಳಿ ಒಳಬರದಿದ್ದರೆ ಟ್ಯಾಂಕಿನಲ್ಲಿ ಒತ್ತಡ ಕುಸಿದು, ಪಂಪಿಗೆ ಇಂಧನ ಸಿಗದೆ ಎಂಜಿನ್ ನಿಂತೀತು. ಕುದಿನೀರಿನ ತಗಡಿನ ಡಬ್ಬಿಗೆ ಮುಚ್ಚಳ ಬಿಗಿದು ತಣ್ಣೀರು ಸುರಿದಾಗ ಅದು ಸೊಟ್ಟಗಾಗುವ ಶಾಲೆಯ ಪ್ರಯೋಗವನ್ನು ನೆನೆಯಿರಿ. ಬಿಸಿಲಲ್ಲಿ ನಿಂತಾಗ ಇದಕ್ಕೆ ವಿರುದ್ಧವಾಗಿ ಒತ್ತಡ ಏರುತ್ತದೆ. ಇನ್ನು ಎಂಜಿನ್ ಕಡೆಯ ಪೈಪನ್ನು ತೆರೆದೇ ಬಿಟ್ಟರೆ ಲೆಕ್ಕಕ್ಕಿಲ್ಲದ ಗಾಳಿ ಒಳನುಗ್ಗಿ ಮಿಶ್ರಣ ಕೆಡುತ್ತದೆ. ಬೂಚು ಬೇಕಾದದ್ದು ಅಲ್ಲಿ, ಟ್ಯಾಂಕಿನ ಕಡೆಗಲ್ಲ.

“ಹಂಗಾದ್ರ ಗಾಡಿ ಮಗುಚಿದ್ರ ಪೆಟ್ರೋಲ್ ಅದೇ ಪೈಪಿನಾಗ ಸೋರಲ್ಲೇನ್ರೀ?” ಎಂದ ಮೇಸ್ತ್ರಿ. ಒಳ್ಳೆಯ ಪ್ರಶ್ನೆ. ಉತ್ತರ ಕುರುಗೋಡಿನಲ್ಲಿ ಸಿಕ್ಕಿತು.

ಹುಡುಗನೊಡನೆ ಅವನ ಊರಿಗೆ ಹೊರಟಾಗ ಹನ್ನೊಂದು ಗಂಟೆ. ಬಳ್ಳಾರಿಯಿಂದ ಕುರುಗೋಡು ಸುಮಾರು 30 ಕಿಲೋಮೀಟರ್. ದಾರಿಯುದ್ದಕ್ಕೂ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗುಡ್ಡಗಳು, ನಡುನಡುವೆ ಕಪ್ಪು ಹೊಲಗಳು. 12ನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಊರು ಕುರುಗೋಡು. ಇಲ್ಲಿನ ದೊಡ್ಡಬಸವೇಶ್ವರ ಗುಡಿಯ ಭಾರಿ ಬಸವಣ್ಣನ ಮುಂದೆ ನಿಂತರೆ ಮನುಷ್ಯ ಕುಳ್ಳನಾಗುತ್ತಾನೆ. ಗುಡಿಯ ತಣ್ಣೆಳಲಿನಿಂದ ಹೊರಬಂದು ಗೋಲಿ ಸೋಡ ಕುಡಿದೆವು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಪೇಟೆಂಟ್ ಪಡೆದ ಬಾಟಲಿಯಿದು. ಸೋಡ ತುಂಬಿಸುವಾಗ ಬಾಟಲಿಯನ್ನು ತಲೆಕೆಳಗು ಮಾಡುತ್ತಾರೆ. ಗೋಲಿ ಕತ್ತಿನ ರಬ್ಬರ್ ಉಂಗುರಕ್ಕೆ ಬಂದು ಕೂರುತ್ತದೆ, ಅನಿಲದ ಒತ್ತಡ ಅದನ್ನು ಅಲ್ಲೇ ಹಿಡಿದಿಡುತ್ತದೆ.

“ನಿನ್ನ ಕಾರಿಗೆ ಬೇಕಾದದ್ದು ಇದೇ ಗೋಲಿ ಕಣೋ” ಎಂದೆ. ಟ್ಯಾಂಕಿನ ಉಸಿರಿನ ನಳಿಕೆಯಲ್ಲಿ ಕೂರಿಸುವ ಮಗುಚು-ಕವಾಟದ ಒಂದು ಬಗೆಯಲ್ಲಿ ಗುಂಡೊಂದಿರುತ್ತದೆ. ಕಾರು ನೆಟ್ಟಗಿದ್ದಾಗ ಗುಂಡು ಕೆಳಗಿದ್ದು ಗಾಳಿಗೆ ದಾರಿ ಬಿಡುತ್ತದೆ. ಮಗುಚಿದರೆ ಉರುಳಿಬಂದು ಬಾಯಿ ಮುಚ್ಚುತ್ತದೆ. ನಳಿಕೆಯನ್ನು ಮೊದಲು ಟ್ಯಾಂಕಿಗಿಂತ ಎತ್ತರಕ್ಕೆ ಒಯ್ದು, ಬಳಿಕ ಕಾರಿನ ಮೈಯಿಂದ ಹೊರಗೆ, ಸೈಲೆನ್ಸರಿಗೂ ವಿದ್ಯುತ್ ಕಿಡಿಗೂ ದೂರದಲ್ಲಿ ಬಿಡಬೇಕು. ಟ್ಯಾಂಕಿಗೂ ಚಾಲಕನಿಗೂ ನಡುವೆ ಲೋಹದ ಗೋಡೆಯಿರಬೇಕು. ಇಷ್ಟಾದರೂ ಸ್ಪರ್ಧೆಯ ನಿಯಮ ಪುಸ್ತಕ ಓದಿ, ಪರಿಶೀಲಕರಿಗೆ ತೋರಿಸಿಯೇ ಮುಂದುವರಿಯಬೇಕು. ಡಬ್ಬಿಯನ್ನು ತೆಗೆಯಬಹುದು, ಅದರ ಹೊಣೆಗಳನ್ನು ತೆಗೆಯಲಾಗದು. ರಸ್ತೆಯ ವಾಹನದ ಮಾತಂತೂ ಬೇರೆ. ತಯಾರಕರು ಕೊಟ್ಟ ವ್ಯವಸ್ಥೆಯನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ.

ಶಿಲಾಯುಗದ ಜನ ವಾಸಿಸಿದ್ದ ತೆಕ್ಕಲಕೋಟೆಯ ಗುಡ್ಡಗಳನ್ನು ದಾಟಿದರೆ ನೋಟ ಬದಲಾಗುತ್ತದೆ. ತುಂಗಭದ್ರೆಯ ನೀರುಂಡ ಸಿರುಗುಪ್ಪ ಭತ್ತದ ನಾಡು. ಹುಡುಗನ ತಂದೆ ರೈತರು. ಊಟಕ್ಕೆ ಕೂತಾಗ ಅವರು ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು: “ಮೇಷ್ಟ್ರೇ, ನೀವಾದ್ರೂ ಬುದ್ಧಿ ಹೇಳ್ರಿ. ಇದು ಬೆಂಕಿ ಕೂಡ ಸರಸ ಅಲ್ಲೇನು?”

ನಾನು ಉತ್ತರಿಸುವ ಮೊದಲೇ ಹುಡುಗ ಎದ್ದು ನಡುಮನೆಯ ಮೂಲೆಗೆ ಹೋದ. ಔಷಧಿ ಹೊಡೆಯುವ ಪವರ್ ಸ್ಪ್ರೇಯರಿಗೆಂದು ಎರಡು ತಂಪು ಪಾನೀಯದ ಬಾಟಲಿಗಳಲ್ಲಿ ಪೆಟ್ರೋಲ್ ಇಟ್ಟಿದ್ದರು. ಒಂದರ ಮುಚ್ಚಳ ಸಡಿಲ. ಹತ್ತು ಹೆಜ್ಜೆ ದೂರದಲ್ಲಿ ಅಡುಗೆಮನೆಯ ಒಲೆ ಉರಿಯುತ್ತಿತ್ತು.

“ಅಪ್ಪಾ, ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಲ್ಲ, ನೆಲ ಹಿಡಿದು ಹರಿತದ. ಗಾಳಿಯಾಗ ನೂರಕ್ಕೆ ಒಂದೂವರೆ ಪಾಲು ಬೆರೆತ್ರೂ ಸಾಕು, ಕಿಡಿ ಸಿಕ್ರೆ ಹೊತ್ಕೋತದ” ಎಂದು ಹೇಳಿ, ಎರಡನ್ನೂ ಎತ್ತಿಕೊಂಡು ಹೊರಗೆ ನಡೆದ. ತಂದೆ ಮಾತಾಡಲಿಲ್ಲ. ಸಂಜೆ ಅವರೇ ಪೇಟೆಗೆ ಹೋಗಿ ಬಿಗಿಮುಚ್ಚಳದ ಲೋಹದ ಕ್ಯಾನು ತಂದರು. ಅದಕ್ಕೆ ಮನೆಯಿಂದ ದೂರದ, ನೆರಳಿರುವ, ಗಾಳಿಯಾಡುವ ಚಪ್ಪರದಲ್ಲಿ ಜಾಗ ಮಾಡಿದರು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಯಂತ್ರದ ಹುಚ್ಚು ಹಿಡಿದ ಮಕ್ಕಳನ್ನು ಗದರಿಸಿ ಕೂರಿಸುವುದಕ್ಕಿಂತ, ಬಿಚ್ಚುವ ಪ್ರತಿಯೊಂದು ಭಾಗಕ್ಕೂ ‘ಇದು ಯಾವ ಕೆಲಸ ಮಾಡುತ್ತಿತ್ತು, ಇನ್ನು ಮುಂದೆ ಆ ಕೆಲಸ ಯಾರು ಮಾಡುತ್ತಾರೆ?’ ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಹುಡುಕಿದ ಹುಡುಗ ಕಾರನ್ನೂ ಉಳಿಸುತ್ತಾನೆ, ಮನೆಯನ್ನೂ ಕಾಯುತ್ತಾನೆ.