ಘಟ್ಟವಿಲ್ಲದ ಊರಿನ ಮೋಡ

ಹೋದ ಡಿಸೆಂಬರಿನ ಮಾತು. ಗ್ರಾಂಡ್ ರಾಪಿಡ್ಸ್‌ನಲ್ಲಿರೋ ಗೆಳೆಯ ಫೋನ್ ಮಾಡಿ, "ಇವಳನ್ನ ಆಸ್ಪತ್ರೆಗೆ ಸೇರಿಸಿದೀನಿ ಕಣೋ. ಅಮ್ಮ ಇವತ್ತೇ ಚಿಕಾಗೋದಲ್ಲಿ ಇಳೀತಾರೆ, ಕರ್ಕೊಂಡು ಬಾ" ಅಂದ. ಹಿಮದ ಎಚ್ಚರಿಕೆಯೇನೋ ಇತ್ತು. ಆದ್ರೆ ಚಿಕಾಗೋದ ಆಕಾಶ ತೊಳೆದಿಟ್ಟಂತೆ ನೀಲಿ! "ಈ ಹವಾಮಾನದವರದ್ದು ಯಾವಾಗ್ಲೂ ಇದೇ ರಗಳೆ" ಅಂದುಕೊಂಡು ಹೊರಟೇಬಿಟ್ಟೆ.

ಮಿಷಿಗನ್ ಸರೋವರದ ದಕ್ಷಿಣ ತುದಿ ಸುತ್ತಿ, ಪೂರ್ವದ ದಂಡೆಯಗುಂಟ ಉತ್ತರಕ್ಕೆ ಹೋಗ್ತಾ ಇದ್ವಿ. ಸೌತ್ ಹೇವನ್ ಹತ್ತಿರ ರಸ್ತೆಯೇ ಮಾಯ. ಮುಂದಿನ ಟ್ರಕ್ಕಿನ ಕೆಂಪು ದೀಪವೂ ಕಾಣದು. ಎರಡು ಕಾರು ಆಗಲೇ ಜಾರಿ ಪಕ್ಕದ ಹಳ್ಳದಲ್ಲಿದ್ದವು. ನನ್ನ ಕೈ ನಡುಗ್ತಿತ್ತು. "ನಿಧಾನ ಹೋಗೋ ಮಾರಾಯ" ಅಂದರು ಅಮ್ಮ. ಹೇಗೋ ಒಂದು ಪೆಟ್ರೋಲ್ ಬಂಕ್ ಸೇರಿಕೊಂಡ್ವಿ.

ಅವರು ತೀರ್ಥಹಳ್ಳಿಯವರು, ಮಳೆ ಕಂಡವರು. ಕೇಳಿದ್ದೂ ಅದನ್ನೇ: "ಇಲ್ಲಿ ಘಟ್ಟವೇ ಇಲ್ವಲ್ಲೋ, ಗಾಳಿ ಮೇಲೆ ಹತ್ತೋದು ಹೇಗೆ?"

ಹೇಳಿದೆ. ಚಳಿಗಾಲದಲ್ಲೂ ಸರೋವರದ ನೀರು ಬೇಸಿಗೆಯ ಬಿಸಿಯನ್ನ ಸ್ವಲ್ಪ ಉಳಿಸಿಕೊಂಡಿರುತ್ತೆ. ಅದರ ಮೇಲೆ ಕೊರೆಯೋ ಗಾಳಿ ಬೀಸಿದಾಗ, ಕೆಳಗಿನ ಗಾಳಿ ಬಿಸಿಯಾಗಿ ನೀರಾವಿ ಹೊತ್ತು ಮೇಲೇಳುತ್ತೆ. ನೀರಿಗೂ ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ ಸುಮಾರು 13 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ರೆ ಹಿಮಕ್ಕೆ ತಯಾರಿ ಆಯ್ತು ಅಂತ ಲೆಕ್ಕ.

"ಅಂದ್ರೆ ಅನ್ನದ ಎಸರು ಕುದ್ದ ಹಾಗೆ" ಅಂದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನಿಗೆ ಇಷ್ಟು ಚೆನ್ನಾಗಿ ಹೇಳೋಕೆ ಬರಲಿಲ್ಲ ನೋಡಿ!

ಮೂರು ಗಂಟೆಯ ದಾರಿ ಆರು ಗಂಟೆಯಾಯ್ತು. ನಾವು ತಲುಪುವಾಗ ಮೊಮ್ಮಗಳು ಹುಟ್ಟಿ ಒಂದು ಗಂಟೆಯಾಗಿತ್ತು. ಅಮ್ಮ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಮರುದಿನ ಉಪಗ್ರಹದ ಚಿತ್ರ ಹುಡುಕಿ ನೋಡಿದೆ. ಬಾಚಣಿಗೆಯಲ್ಲಿ ಬಾಚಿದಂತೆ ಸರೋವರದ ಅಡ್ಡಕ್ಕೆ ಮೋಡದ ಸಾಲುಗಳು. ಜೋರುಗಾಳಿಯಲ್ಲಿ ಈ ಏರಿಳಿತ, ಗಾಳಿಯ ದಿಕ್ಕಿಗೇ ಉದ್ದಕ್ಕೆ ಮಲಗಿಸಿದ ಸುರುಳಿಗಳಾಗುತ್ತಂತೆ. ಗಾಳಿ ಏರುವಲ್ಲಿ ಮೋಡ, ಇಳಿಯುವಲ್ಲಿ ಖಾಲಿ. ಪಶ್ಚಿಮದ ದಂಡೆಯ ಬದಿಗೆ ಮಾತ್ರ ಒಂದು ಸ್ವಚ್ಛ ಪಟ್ಟಿ. ಗಾಳಿ ನೀರಿನ ಮೇಲೆ ಒಂದಷ್ಟು ದೂರ ಸಾಗಿ, ಬಿಸಿ ಮತ್ತು ತೇವ ಕುಡಿದ ಮೇಲೇ ಮೋಡ ಕಟ್ಟೋದು.

ನಾನು ನಂಬಿ ಹೊರಟಿದ್ದ ನೀಲಿ ಆಕಾಶ ಆ ಪಟ್ಟಿಯ ಕಡೆಯದೇ. ಅದೇ ಗಾಳಿ, ಆಚೆ ದಡದಲ್ಲಿ ನಮಗಾಗಿ ಹಿಮ ಹೊತ್ತು ಕಾದಿತ್ತು.

ಈಗೀಗ ಹೊರಡುವ ಮುಂಚೆ ನನ್ನ ಊರಿನ ಆಕಾಶ ನೋಡೋದಿಲ್ಲ, ಹೋಗೋ ಊರಿನದ್ದು ಕೇಳ್ತೀನಿ.