23ನೇ ನಂಬರ್ ಬಸ್ಸಿನಲ್ಲಿ ಅಕ್ಕನ ಲೆಕ್ಕಾಚಾರ

ಕ್ಯುಪರ್ಟಿನೋ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಆಪಲ್. ಅದೇ ಊರಲ್ಲಿ, ಸ್ಟೀವನ್ಸ್ ಕ್ರೀಕ್ ರಸ್ತೆ 85ನೇ ಹೆದ್ದಾರಿಗೆ ತಾಗುವ ಕಡೆ ಡಿ ಆಂಜಾ ಅನ್ನೋ ಕಮ್ಯುನಿಟಿ ಕಾಲೇಜಿದೆ. 1967ರಲ್ಲಿ ಶುರುವಾದದ್ದು. ಅದಕ್ಕೂ ಮೊದಲು ಅಲ್ಲಿ ದ್ರಾಕ್ಷಿ ತೋಟ, ವೈನ್ ತಯಾರಿ ಎಲ್ಲಾ ಇತ್ತಂತೆ. ಹಳೇ ಬಂಗಲೆಯೊಂದು ಇವತ್ತಿಗೂ ಕ್ಯಾಂಪಸ್ಸಿನೊಳಗೇ ಇದೆ. ಕ್ಲಾಸಿಗೆ ಬರೋರಲ್ಲಿ ಹದಿನೆಂಟರ ಹುಡುಗರೂ ಇದ್ದಾರೆ, ಮಕ್ಕಳನ್ನು ಶಾಲೆಗೆ ಬಿಟ್ಟು ಓಡಿ ಬರುವ ಅಮ್ಮಂದಿರೂ ಇದ್ದಾರೆ. ನನಗೆ ಆಪಲ್ ಕಟ್ಟಡಕ್ಕಿಂತ ಇದೇ ಇಷ್ಟವಾಯ್ತು.

ಆಫೀಸ್ ಕೆಲಸಕ್ಕೆ ಅಂತ ಮೂರು ವಾರ ಹೋದಾಗ ನಾನಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ದಾವಣಗೆರೆಯಲ್ಲಿ ಬಿಎಸ್ಸಿ ಮಾಡಿದವಳು. ಮದುವೆಯಾಗಿ ಹನ್ನೊಂದು ವರ್ಷ ಎಚ್-4 ವೀಸಾದಲ್ಲಿ ಮನೆ ನೋಡಿಕೊಂಡಿದ್ದಳು, ಈಗ ಕೆಲಸದ ಪರ್ಮಿಟ್ ಬಂದಿದೆ. ಮೆಡಿಕಲ್ ಅಸಿಸ್ಟೆಂಟ್ ಆಗಬೇಕು ಅನ್ನೋದು ಅವಳ ಆಸೆ. 'ಮಾಡಿದ್ರೆ ಡಿಗ್ರೀನೇ ಮಾಡು' ಅಂತ ಭಾವ. ಸ್ಯಾನ್ ಹೊಸೆಯ ಒಂದು ಖಾಸಗಿ ಸಂಸ್ಥೆಯವರು ಮಾತ್ರ ದಿನಾ ಫೋನ್ ಮಾಡ್ತಿದ್ದರು: ಒಂಬತ್ತು ತಿಂಗಳು, 17,000 ಡಾಲರ್, ಸಾಲ ನಾವೇ ಕೊಡಿಸ್ತೀವಿ.

ಮೆಡಿಕಲ್ ಅಸಿಸ್ಟೆಂಟ್ ಅಂದರೆ ನರ್ಸ್ ಅಲ್ಲ. ಬಿಪಿ ನೋಡೋದು, ತೂಕ ಬರೆದುಕೊಳ್ಳೋದು, ಇಂಜೆಕ್ಷನ್ ಕೊಡೋದು, ರಕ್ತ ತೆಗೆಯೋದು, ಅಪಾಯಿಂಟ್‌ಮೆಂಟ್, ಇನ್ಶೂರೆನ್ಸ್ ಕಾಗದ, ಇವೆಲ್ಲ ಇವರ ಕೆಲಸ. ಡ್ರಿಪ್ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಲೈಸೆನ್ಸೂ ಇಲ್ಲ, ಡಿಗ್ರಿ ಕಡ್ಡಾಯವೂ ಅಲ್ಲ. ಇಂಜೆಕ್ಷನ್ ಕೊಡಲು ಕನಿಷ್ಠ 10 ಗಂಟೆ ತರಬೇತಿ, ರಕ್ತ ತೆಗೆಯಲು ಇನ್ನೊಂದು 10 ಗಂಟೆ, ಹೀಗೆ ನಿಯಮಗಳಿವೆ ಅಷ್ಟೆ.

ಡಿ ಆಂಜಾದಲ್ಲಿ ಫೀಸು ಕ್ವಾರ್ಟರ್ ಯೂನಿಟ್ಟಿಗೆ 31 ಡಾಲರ್. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 90 ಯೂನಿಟ್ ಬೇಕು, ಅಂದರೆ 2,790 ಡಾಲರ್. ಪುಸ್ತಕ, ಚಿಲ್ಲರೆ ಫೀಸು ಬೇರೆ. ಇದು ರಾಜ್ಯದ ನಿವಾಸಿಗಳ ದರ. ಎಚ್-4ನವರೂ ಒಂದು ವರ್ಷ ಒಂದು ದಿನ ಅಲ್ಲೇ ನೆಲೆಸಿದ್ದಕ್ಕೆ ದಾಖಲೆ ಕೊಟ್ಟರೆ ಈ ದರ ಸಿಗುತ್ತೆ. ಇಲ್ಲದಿದ್ದರೆ ಹಲವು ಪಟ್ಟು ಜಾಸ್ತಿ.

'ಹಾಗಾದ್ರೆ ಡಿಗ್ರೀನೇ ಅಲ್ವೇನೋ?' ಅಂದಳು ಅಕ್ಕ. ಅಷ್ಟು ಸುಲಭ ಇಲ್ಲ.

ಅಲ್ಲಿಂದ 23ನೇ ನಂಬರ್ ಬಸ್ ಹತ್ತಿದೆವು. ಆ ಖಾಸಗಿ ಸಂಸ್ಥೆಯನ್ನೂ ಒಮ್ಮೆ ಕಣ್ಣಾರೆ ನೋಡಿಬರೋಣ ಅಂತ. ಆ ಬಸ್ಸು ಡಿ ಆಂಜಾದಿಂದ ಹೊರಟು, ಕಾರು ಶೋರೂಮುಗಳ ಸಾಲು ದಾಟಿ, ವ್ಯಾಲಿ ಫೇರ್ ಮಾಲ್ ದಾಟಿ, ಸ್ಯಾನ್ ಹೊಸೆ ಪೇಟೆಯ ನಡುವಿಂದ ಆಲಂ ರಾಕ್ ತನಕ ಹೋಗುತ್ತೆ. ಹತ್ತುವಾಗ ಲ್ಯಾಪ್‌ಟಾಪ್ ಬ್ಯಾಗುಗಳು. ಪೂರ್ವಕ್ಕೆ ಹೋದಂತೆಲ್ಲ ಸ್ಪ್ಯಾನಿಷ್ ಬೋರ್ಡುಗಳು, ಸಣ್ಣ ಸಣ್ಣ ಕ್ಲಿನಿಕ್ಕುಗಳು. ಇಡೀ ಕಣಿವೆಯ ಸಂಬಳದ ಪಟ್ಟಿ ಒಂದೇ ರಸ್ತೆಯಲ್ಲಿ ಹಾಸಿಟ್ಟ ಹಾಗೆ.

ಬಸ್ಸಲ್ಲೇ ಫೋನ್ ತೆಗೆದು ಲೆಕ್ಕ ಹಾಕಿದೆ. ಅಮೆರಿಕ ಸರ್ಕಾರದ ಅಂಕಿಅಂಶದ ಪ್ರಕಾರ 2024ರ ಮೇ ತಿಂಗಳಲ್ಲಿ ಮೆಡಿಕಲ್ ಅಸಿಸ್ಟೆಂಟರ ಮಧ್ಯಮ ಸಂಬಳ ವರ್ಷಕ್ಕೆ 44,200 ಡಾಲರ್. ನರ್ಸ್‌ಗಳದ್ದು 93,600. ಕ್ಯಾಲಿಫೋರ್ನಿಯಾದ ದೊಡ್ಡ ಆಸ್ಪತ್ರೆ ಸಂಸ್ಥೆಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಕನಿಷ್ಠ ವೇತನವೇ ಗಂಟೆಗೆ 23 ಡಾಲರ್ ಆಗಿತ್ತು, ಅಂದರೆ ವರ್ಷಕ್ಕೆ 47,840. ನಮ್ಮ ರೂಪಾಯಿಗೆ ತಿರುಗಿಸಿ ಖುಷಿಪಡಬೇಡಿ, ಅರ್ಧಕ್ಕಿಂತ ಹೆಚ್ಚು ಆ ಊರಿನ ಮನೆ ಬಾಡಿಗೆಗೇ ಹೋಗುತ್ತೆ.

ಕೆಲಸ ಶುರುವಾಗೋದು ಒಂದು ವರ್ಷ ತಡವಾದರೆ ಆ 47,840 ಕೈಬಿಟ್ಟಂತೆ. ಅಂದರೆ ಫೀಸು ಕಡಿಮೆ ಇರೋ ಡಿಗ್ರಿ, 17,000 ಡಾಲರಿನ ಒಂಬತ್ತು ತಿಂಗಳ ಕೋರ್ಸಿಗಿಂತಲೂ ದುಬಾರಿ! ಆ ಫೋನಿನವರು ಇದನ್ನೇ ಹೇಳಿ ಒಪ್ಪಿಸ್ತಾರೆ. ಹೇಳದೇ ಬಿಡೋದು ಏನಂದ್ರೆ, ಅದೇ ಕಮ್ಯುನಿಟಿ ಕಾಲೇಜಲ್ಲಿ ಸರ್ಟಿಫಿಕೇಟ್ ಕೋರ್ಸೂ ಇದೆ. ಅದರಲ್ಲಿ ಇಂಗ್ಲಿಷ್, ಇತಿಹಾಸದಂಥ ಸಾಮಾನ್ಯ ಪೇಪರುಗಳಿಲ್ಲ, ಬೇಗ ಮುಗಿಯುತ್ತೆ, ಫೀಸು ಡಿಗ್ರಿಗಿಂತಲೂ ಕಡಿಮೆ. ಕೆಲಸ ಮಾತ್ರ ಅದೇ.

ಪಕ್ಕದ ಸೀಟಲ್ಲಿ ನೀಲಿ ಸ್ಕ್ರಬ್ಸ್ ಹಾಕಿದ್ದ ಹೆಂಗಸನ್ನು ಅಕ್ಕ ಮಾತಿಗೆಳೆದಳು. (ಬಸ್ಸಲ್ಲಿ ಪಕ್ಕದವರನ್ನು ಮಾತಾಡಿಸೋ ದಾವಣಗೆರೆ ಅಭ್ಯಾಸ ಹೋಗಿಲ್ಲ.) ಡಿಗ್ರಿ ಇದೆಯಾ ಅಂತ ತನ್ನನ್ನು ಯಾರೂ ಕೇಳಲಿಲ್ಲ, ರಕ್ತ ತೆಗೆಯೋಕೆ ಬರುತ್ತಾ, ಸ್ಪ್ಯಾನಿಷ್ ಬರುತ್ತಾ ಅಂತ ಕೇಳಿದರು ಅಂದಳಾಕೆ. ಅಕ್ಕನ ಮುಖ ಸಪ್ಪಗಾಯ್ತು. ಆಮೇಲೆ ಅವಳೇ, 'ನಮ್ಮ ಸನ್ನಿವೇಲ್ ಕಡೆ ಕ್ಲಿನಿಕ್ಕಿಗೆ ಬರೋ ಅಜ್ಜ-ಅಜ್ಜಿಯರಿಗೆ ಕನ್ನಡ, ತೆಲುಗು, ಹಿಂದಿ ಬೇಕು ಕಣೋ' ಅಂದಳು. ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಇನ್ನೂ ಎರಡು ಖರ್ಚುಗಳು ಯಾವ ಬ್ರೋಷರಲ್ಲೂ ದಪ್ಪಕ್ಷರದಲ್ಲಿ ಇರಲ್ಲ. ಮಾನ್ಯತೆ ಇರುವ ಕೋರ್ಸುಗಳಲ್ಲಿ ಕನಿಷ್ಠ 160 ಗಂಟೆ ಕ್ಲಿನಿಕ್ಕಲ್ಲಿ, ಸಾಮಾನ್ಯವಾಗಿ ಸಂಬಳವಿಲ್ಲದೆ, ದುಡಿಯಬೇಕು. ಪುಟ್ಟಿ ಶಾಲೆ ಮುಗಿಯೋದು ಎರಡೂವರೆಗೆ; ಆ ನಾಲ್ಕು ವಾರ ಅವಳನ್ನು ನೋಡಿಕೊಳ್ಳೋರಿಗೆ ದುಡ್ಡು ಕೊಡಬೇಕು. ಎರಡನೇದು ವೀಸಾ. ಅಕ್ಕನ ಪರ್ಮಿಟ್ ನಿಂತಿರೋದು ಭಾವನ ಕೆಲಸದ ಮೇಲೆ. ಅವರ ಟೀಮಲ್ಲಿ ಆಗಲೇ ಎರಡು ಸಲ ಲೇಆಫ್ ಆಗಿದೆ. ಎಚ್-4ನವರಿಗೆ ಸರ್ಕಾರದ ಶಿಕ್ಷಣ ಸಾಲ ಇಲ್ಲ, ಅವರು ಕೊಡಿಸ್ತೀವಿ ಅಂದದ್ದು ಖಾಸಗಿ ಸಾಲ. ಭಾವನ ಕೆಲಸ ಹೋದರೆ ಅಕ್ಕನ ದುಡಿಯೋ ಹಕ್ಕೂ ಹೋಗುತ್ತೆ, ಸಾಲ ಮಾತ್ರ ಉಳಿಯುತ್ತೆ.

ಪೇಟೆ ಬಂದಾಗ ಅಕ್ಕ ಏಳಲೇ ಇಲ್ಲ. 'ಇಳಿಯಲ್ವಾ?' ಅಂದೆ. 'ಏನಿದೆ ನೋಡೋಕೆ ಅಲ್ಲಿ?' ಅಂದಳು.

ಆಲಂ ರಾಕ್‌ವರೆಗೂ ಹೋಗಿ ಒಂದೊಂದು ಟಾಕೋ ತಿಂದು ವಾಪಸ್ ಬಂದೆವು. ಅಕ್ಕ ಸೇರಿದ್ದು ಡಿ ಆಂಜಾದ ಸರ್ಟಿಫಿಕೇಟಿಗೆ. ಜೊತೆಗೆ ಒಂದು ಅನಾಟಮಿ ಪೇಪರ್. ಅದು ಮುಂದೆ ನರ್ಸಿಂಗ್ ಸೇರೋಕೆ ಬೇಕಾಗುತ್ತಂತೆ. ಭಾವನಿಗೆ ಇನ್ನೂ ಹೇಳಿಲ್ಲ.